ಡ್ರೈವರ್ ದೋಷ ಮತ್ತು 'ಬರೀ ಕ್ರ್ಯಾಶ್' ಎಂಬ ಉತ್ತರ: ಯಾರಿಗೆ ಎಷ್ಟು ಅಪಾಯ?

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ದೋಷ ತಿದ್ದುವ ತನ್ನ ಭದ್ರತಾ ಪ್ಯಾಚ್‌ಗಳನ್ನು ಬಿಡುಗಡೆ ಮಾಡುತ್ತದೆ. ಬೆಂಗಳೂರಿನಲ್ಲಿ ಆಗ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಸ್ವಲ್ಪ ದಿನದಲ್ಲೇ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಎಚ್ಚರಿಕೆ ಬರುತ್ತದೆ. ಅದರ ಬೆನ್ನಿಗೇ 'ವಿಂಡೋಸ್ ಬಳಸುವವರಿಗೆ ಭಾರಿ ಅಪಾಯ' ಎಂಬ ಸುದ್ದಿ ಎಲ್ಲರ ಫೋನಿಗೂ ಬಂದು ಬೀಳುತ್ತದೆ.

ಸುದ್ದಿಯ ಒಳಗೆ ಹೋದರೆ ದೋಷಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಯಾವುದೋ ಡ್ರೈವರ್ (ಕಂಪ್ಯೂಟರಿನ ಆಳದಲ್ಲಿ ಒಂದೊಂದು ಕೆಲಸ ನೋಡಿಕೊಳ್ಳುವ ಸಣ್ಣ ತಂತ್ರಾಂಶ) ಹೆಸರು, ಪಕ್ಕದಲ್ಲಿ 'ಡಿನಯಲ್ ಆಫ್ ಸರ್ವಿಸ್', ಅಂದರೆ ಸೇವೆಯನ್ನೇ ನಿಲ್ಲಿಸಿಬಿಡುವುದು, ಎಂಬ ಮಾತು. ಅದೇ ದೋಷದ ಬಗ್ಗೆ ಕಂಪನಿ ಏನು ಹೇಳಿದೆ ಅಂತ ಹುಡುಕಿದರೆ ಅಲ್ಲಿ ಬೇರೆಯೇ ದನಿ. ತೀವ್ರತೆ ಮಧ್ಯಮ, ಬರೀ ಕ್ರ್ಯಾಶ್ ಆಗುತ್ತದೆ, ಮಾಹಿತಿ ಕಳುವಾಗುವುದಿಲ್ಲ, ಇದನ್ನು ಬಳಸಲು ದಾಳಿ ಮಾಡುವವನು ಮೊದಲೇ ಕಂಪ್ಯೂಟರಿನ ಒಳಗಿರಬೇಕು. ಒಂದು ಕಡೆ ಭಾರಿ ಅಪಾಯ, ಇನ್ನೊಂದು ಕಡೆ ಆತುರ ಬೇಡ. ಓದುವವರಿಗೆ ತಲೆ ಕೆಡುತ್ತದೆ, ಅಲ್ವಾ?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕಣ್ಣ ಮುಂದಿರುವ ಕಂಪ್ಯೂಟರ್ ಬೇರೆ ಬೇರೆ, ಅಷ್ಟೆ. ಕಂಪನಿ ಲೆಕ್ಕ ಹಾಕುವುದು ಒಬ್ಬರೇ ಬಳಸುವ ಲ್ಯಾಪ್‌ಟಾಪ್ ಇಟ್ಟುಕೊಂಡು. ನಮ್ಮ ಊರಿನ ಎಷ್ಟೋ ಆಫೀಸುಗಳಲ್ಲಿ ಇರುವುದು ಹತ್ತಾರು ಜನ ಒಟ್ಟಿಗೆ ಕೂತು ಬಳಸುವ ಒಂದೇ ಸರ್ವರ್. ಈ ವ್ಯತ್ಯಾಸವನ್ನು ಬಿಡಿಸಿ ನೋಡದೆ 'ಹೆದರಬೇಕೋ ಬೇಡವೋ' ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಕಾವೇರಿಗೆ ಆದದ್ದು ಬೇರೆ

ಮೊದಲು ಒಂದು ಗೊಂದಲ ಬಗೆಹರಿಯಲಿ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶ ತೀರಾ ನಿಧಾನವಾಗಿ, ಸಬ್ ರಿಜಿಸ್ಟ್ರಾರ್ ಆಫೀಸುಗಳಲ್ಲಿ ಆಸ್ತಿ ನೋಂದಣಿ ಕುಂಟಿದ್ದು ಕರ್ನಾಟಕದವರಿಗೆ ನೆನಪಿರುತ್ತದೆ. ನಕಲಿ ಖಾತೆ ತೆರೆದು, ಬಾಟ್‌ಗಳನ್ನು ಬಿಟ್ಟು, ಸುಳ್ಳು ಕೋರಿಕೆಗಳ ರಾಶಿ ಸುರಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಅದು ಡಿಡಾಸ್, ಅಂದರೆ ಹಲವು ಕಡೆಯಿಂದ ಒಟ್ಟಿಗೆ ನಡೆಸುವ ಡಿನಯಲ್ ಆಫ್ ಸರ್ವಿಸ್ ದಾಳಿ. ಅಲ್ಲಿ ಬೇಕಾದದ್ದು ಸಂಖ್ಯೆ. ತಂತ್ರಾಂಶದಲ್ಲಿ ಒಂದೂ ತಪ್ಪಿಲ್ಲದಿದ್ದರೂ ಸಾವಿರಾರು ಕೋರಿಕೆ ಒಟ್ಟಿಗೆ ಬಂದರೆ ಅದು ಮುಗ್ಗರಿಸುತ್ತದೆ.

ಡ್ರೈವರ್ ದೋಷಕ್ಕೆ ಸಂಖ್ಯೆ ಬೇಕಾಗಿಲ್ಲ. ಒಂದೇ ಒಂದು ತಪ್ಪು ಕೋರಿಕೆ ಸಾಕು. ಫಲ ಮಾತ್ರ ಎರಡರಲ್ಲೂ ಒಂದೇ: ಬೇಕಾದವರಿಗೆ ಬೇಕಾದ ಹೊತ್ತಲ್ಲಿ ಕೆಲಸ ಆಗುವುದಿಲ್ಲ. ಡಿಡಾಸ್ ಆದರೆ ನೆಟ್‌ವರ್ಕ್ ಮಟ್ಟದಲ್ಲಿ ತಡೆಯಬಹುದು, ಕೆಟ್ಟ ವಿಳಾಸಗಳನ್ನು ಬ್ಲಾಕ್ ಮಾಡಬಹುದು. ಡ್ರೈವರ್ ದೋಷಕ್ಕೆ ಹಾಗೆ ಅಡ್ಡ ಹಾಕಲು ಹೆಚ್ಚಿನ ಸಲ ಆಗುವುದಿಲ್ಲ, ಡ್ರೈವರನ್ನೇ ತಿದ್ದಬೇಕು.

ಡ್ರೈವರ್ ಕೆಟ್ಟರೆ ಎಲ್ಲವೂ ಯಾಕೆ ನಿಲ್ಲುತ್ತದೆ

ಕಂಪ್ಯೂಟರಿನಲ್ಲಿ ಎರಡು ಮಟ್ಟದ ಕೆಲಸ ನಡೆಯುತ್ತದೆ. ಬ್ರೌಸರ್, ಟ್ಯಾಲಿ, ವರ್ಡ್, ನುಡಿ ಎಲ್ಲ ಮೇಲಿನ ಮಟ್ಟದಲ್ಲಿ ಓಡುತ್ತವೆ. ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ಒಂದರದ್ದನ್ನು ಇನ್ನೊಂದು ಮುಟ್ಟುವಂತಿಲ್ಲ. ಕೆಳಗಿನ ಮಟ್ಟದಲ್ಲಿ ಕರ್ನಲ್ ಇದೆ. ಡಿಸ್ಕ್, ಮೆಮೊರಿ, ನೆಟ್‌ವರ್ಕ್, ಕೀಬೋರ್ಡ್ ಎಲ್ಲವೂ ಅದರ ಕೈಯಲ್ಲಿ. ಬಹುಪಾಲು ಡ್ರೈವರ್‌ಗಳು ಓಡುವುದು ಈ ಕೆಳಗಿನ ಮಟ್ಟದಲ್ಲೇ, ಕರ್ನಲ್ಲಿಗೆ ಇರುವಷ್ಟೇ ಅಧಿಕಾರ ಇಟ್ಟುಕೊಂಡು.

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಫ್ಲ್ಯಾಟಿನ ಎಂಸಿಬಿ ಟ್ರಿಪ್ ಆದರೆ ನಿಮ್ಮ ಮನೆ ಮಾತ್ರ ಕತ್ತಲಾಗುತ್ತದೆ. ಕೆಳಗಿರುವ ಮೇನ್ ಪ್ಯಾನೆಲ್ಲೇ ಟ್ರಿಪ್ ಆದರೆ ಲಿಫ್ಟ್ ನಿಲ್ಲುತ್ತದೆ, ನೀರಿನ ಮೋಟಾರ್ ನಿಲ್ಲುತ್ತದೆ, ಎಲ್ಲರ ಮನೆಯೂ ಕತ್ತಲು. ಬ್ರೌಸರ್ ಕ್ರ್ಯಾಶ್ ಆಗುವುದಕ್ಕೂ ಡ್ರೈವರ್ ಕ್ರ್ಯಾಶ್ ಆಗುವುದಕ್ಕೂ ಇರುವ ವ್ಯತ್ಯಾಸ ಇದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನೀಲಿ ಪರದೆ ಬಂದು ಕಂಪ್ಯೂಟರ್ ನಿಲ್ಲುವುದು ಆಕಸ್ಮಿಕ ಅಲ್ಲ. ವಿಂಡೋಸ್ ಅದನ್ನು ಬೇಕೆಂದೇ ಮಾಡುತ್ತದೆ. ಕರ್ನಲ್ಲಿನ ಮೆಮೊರಿಯಲ್ಲಿ ಇರಬಾರದ ಸ್ಥಿತಿ ಕಂಡುಬಂತು ಅಂದುಕೊಳ್ಳಿ. ಹಾಗೇ ಮುಂದುವರಿದರೆ ತಪ್ಪು ಮಾಹಿತಿ ಡಿಸ್ಕಿಗೆ ಬರೆದು ಹೋಗಬಹುದು, ಫೈಲುಗಳು ಹಾಳಾಗಬಹುದು. ಅದಕ್ಕಿಂತ ನಿಲ್ಲುವುದೇ ಮೇಲು ಅಂತ ಅದು ತೀರ್ಮಾನಿಸುತ್ತದೆ. ತೀರ್ಮಾನ ಸರಿಯಾದದ್ದೇ. ಆದರೆ ಸಾಮಾನ್ಯ ಬಳಕೆದಾರರೊಬ್ಬರು, ಯಾವ ವಿಶೇಷ ಅಧಿಕಾರವೂ ಇಲ್ಲದೆ, ತಮಗೆ ಬೇಕಾದಾಗ ಕರ್ನಲ್ಲನ್ನು ಆ ಸ್ಥಿತಿಗೆ ತಳ್ಳಬಹುದು ಅಂತಾದರೆ ಅದೇ ಭದ್ರತಾ ದೋಷ. ಫೈಲು ಕಾಯಲು ಇಟ್ಟ ವ್ಯವಸ್ಥೆಯನ್ನೇ ಹಿಡಿದು ಕಂಪ್ಯೂಟರನ್ನು ಬೀಳಿಸುತ್ತಾರೆ.

2021: ಅಡ್ರೆಸ್ ಬಾರ್‌ನಲ್ಲಿ ಒಂದು ಸಾಲು

ಇಂಥ ದೋಷ ಎಷ್ಟು ಸಣ್ಣದಾಗಿ ಕಾಣಬಹುದು ಅನ್ನುವುದಕ್ಕೆ ವಿಂಡೋಸ್ 10ರ ಕನ್ಸೋಲ್ ಡ್ರೈವರ್ ಒಳ್ಳೆಯ ಉದಾಹರಣೆ. ಕಪ್ಪು ಬಣ್ಣದ ಕಮಾಂಡ್ ಕಿಟಕಿಯ ಹಿಂದೆ ಕೆಲಸ ಮಾಡುವ ಡ್ರೈವರ್ ಅದು. ಹೆಸರು ಕಾನ್‌ಡಿಆರ್‌ವಿ. ವಿಂಡೋಸಿನ ಒಳಗಿನ ಒಂದು ಸಾಧನದ ವಿಳಾಸವನ್ನು ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಹಾಕಿ ಎಂಟರ್ ಒತ್ತಿದರೆ ಇಡೀ ಕಂಪ್ಯೂಟರ್ ನೀಲಿ ಪರದೆಗೆ ಹೋಗುತ್ತಿತ್ತು.

ಕಾರಣ ಸರಳ. ಆ ಸಾಧನವನ್ನು ತೆರೆಯಲು ಬರುವವರು ಒಂದು ಹೆಚ್ಚುವರಿ ಮಾಹಿತಿಯನ್ನೂ ಜೊತೆಗೆ ಕಳಿಸುತ್ತಾರೆ ಅಂತ ಡ್ರೈವರ್ ನಂಬಿತ್ತು. ಆ ಮಾಹಿತಿ ಬರದೆ ಇದ್ದರೆ ಏನು ಮಾಡಬೇಕು ಅನ್ನುವ ಪರೀಕ್ಷೆ ಸರಿಯಾಗಿ ಇರಲಿಲ್ಲ. ಇಲ್ಲದ್ದನ್ನು ಇದೆ ಅಂದುಕೊಂಡು ಕೈ ಹಾಕಿತು, ಕರ್ನಲ್ ಬಿತ್ತು.

ಅಡ್ರೆಸ್ ಬಾರ್‌ನಲ್ಲಿ ಅಂಥ ಸಾಲನ್ನು ತಾವೇ ಯಾರು ಟೈಪ್ ಮಾಡುತ್ತಾರೆ ಅಂತ ನೀವು ಕೇಳಬಹುದು. ಯಾರೂ ಮಾಡಬೇಕಾಗಿರಲಿಲ್ಲ. ಶಾರ್ಟ್‌ಕಟ್ ಫೈಲೊಂದರ ಐಕಾನ್ ಆ ವಿಳಾಸದಲ್ಲಿದೆ ಅಂತ ಬರೆದಿಟ್ಟರೆ ಸಾಕಾಗಿತ್ತು. ಆ ಫೈಲ್ ಇರುವ ಫೋಲ್ಡರ್ ತೆರೆದ ಕೂಡಲೇ ಐಕಾನ್ ತೋರಿಸಲು ವಿಂಡೋಸೇ ಅಲ್ಲಿಗೆ ಹೋಗಿ ಬೀಳುತ್ತಿತ್ತು. ಲಾಗಿನ್ ಆದಾಗಲೆಲ್ಲ ತಾನಾಗಿ ತೆರೆದುಕೊಳ್ಳುವಂತೆ ಇಟ್ಟರೆ? ಆಗ ಕಂಪ್ಯೂಟರ್ ಏಳುವುದು, ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು. ಒಂದು ರೀಸ್ಟಾರ್ಟಿನಲ್ಲಿ ಮುಗಿಯಬೇಕಾದ ತೊಂದರೆ, ಗೊತ್ತಿದ್ದವರನ್ನು ಕರೆಸದೆ ಬಗೆಹರಿಯದ ತೊಂದರೆಯಾಗುತ್ತದೆ.

ದೋಷಕ್ಕೆ ಸಿವಿಇ-2021-24098 ಎಂಬ ಸಂಖ್ಯೆ ಸಿಕ್ಕಿತು (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ). 2021ರ ಫೆಬ್ರವರಿ 9ರ ಪ್ಯಾಚಿನಲ್ಲಿ ಅದು ಸರಿಯಾಯಿತು. ತೀವ್ರತೆಯ ಅಂಕ 10ಕ್ಕೆ 5.5.

5.5 ಎಲ್ಲಿಂದ ಬಂತು

ಈ ಅಂಕ ಕೊಡುವ ಪದ್ಧತಿಗೆ ಸಿವಿಎಸ್‌ಎಸ್ ಅನ್ನುತ್ತಾರೆ. ಅದು ಮುಖ್ಯವಾಗಿ ಎರಡು ವಿಷಯ ಕೇಳುತ್ತದೆ. ದೋಷದ ತನಕ ತಲುಪುವುದು ಎಷ್ಟು ಸುಲಭ? ತಲುಪಿದ ಮೇಲೆ ಏನು ಹಾಳಾಗುತ್ತದೆ? ಹಾಳಾಗುವುದರಲ್ಲಿ ಮೂರು ಬಗೆ: ಗುಟ್ಟು ಹೊರಗೆ ಹೋಗುವುದು, ಮಾಹಿತಿ ತಿದ್ದಿ ಹೋಗುವುದು, ಸೇವೆ ನಿಂತು ಹೋಗುವುದು. ಕನ್ಸೋಲ್ ಡ್ರೈವರ್ ದೋಷದಲ್ಲಿ ಮೊದಲೆರಡು ಇಲ್ಲ, ಮೂರನೆಯದು ಮಾತ್ರ ಪೂರ್ತಿ ಇದೆ. ತಲುಪಲು ಆ ಕಂಪ್ಯೂಟರಿನಲ್ಲೇ ಒಂದು ಸಾಧಾರಣ ಲಾಗಿನ್ ಬೇಕು. ಇಷ್ಟನ್ನು ಸೂತ್ರಕ್ಕೆ ಹಾಕಿದರೆ ಬರುವುದು 5.5, ಅಂದರೆ ಮಧ್ಯಮ.

ಅದೇ ಫೆಬ್ರವರಿ 9ರಂದು ಇನ್ನೊಂದು ದೋಷಕ್ಕೂ ಪ್ಯಾಚ್ ಬಂತು, ಸಿವಿಇ-2021-24086. ಅದೂ ಡಿನಯಲ್ ಆಫ್ ಸರ್ವಿಸ್, ಅದೂ ಡ್ರೈವರಿನಲ್ಲೇ. ಆದರೆ ಅದು ಇದ್ದದ್ದು ನೆಟ್‌ವರ್ಕ್ ಮಾತುಕತೆಯನ್ನು ನೋಡಿಕೊಳ್ಳುವ ಟಿಸಿಪಿ/ಐಪಿ ಡ್ರೈವರಿನಲ್ಲಿ. ಐಪಿವಿ6 ಎಂಬ ಇಂಟರ್ನೆಟ್ ವಿಳಾಸ ಪದ್ಧತಿಯ ಮಾಹಿತಿ ಪ್ಯಾಕೆಟ್‌ಗಳನ್ನು ತುಂಡು ತುಂಡಾಗಿ ವಿಚಿತ್ರವಾಗಿ ಜೋಡಿಸಿ ದೂರದಿಂದ ಕಳಿಸಿದರೆ ಕಂಪ್ಯೂಟರ್ ಬೀಳುತ್ತಿತ್ತು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಯಾರೂ ಕ್ಲಿಕ್ ಮಾಡಬೇಕಾಗಿಲ್ಲ. ಅಂಕ 7.5, ಹೆಚ್ಚು ಅಪಾಯದ ಗುಂಪು. ಕೂಡಲೇ ಪ್ಯಾಚ್ ಹಾಕಿಕೊಳ್ಳಿ ಅಂತ ಮೈಕ್ರೋಸಾಫ್ಟ್ ಅದಕ್ಕಾಗಿಯೇ ಪ್ರತ್ಯೇಕ ಸೂಚನೆ ಕೊಟ್ಟಿತು.

ಎರಡೂ ದೋಷದಲ್ಲಿ ಕಂಪ್ಯೂಟರಿಗೆ ಆಗುವುದು ಒಂದೇ. ಅಂಕ ಬದಲಾದದ್ದು ದಾರಿಯಿಂದ. ಇದು ಅರ್ಥವಾದರೆ ಸುದ್ದಿ ಓದುವಾಗ ಅರ್ಧ ಗೊಂದಲ ಹೋಗುತ್ತದೆ. ಡಿನಯಲ್ ಆಫ್ ಸರ್ವಿಸ್ ಅಂತ ಕಂಡರೆ ಮೊದಲು ನೋಡಬೇಕಾದದ್ದು, ದಾರಿ ನೆಟ್‌ವರ್ಕಿನ ಮೂಲಕವೋ ಅಥವಾ ಕಂಪ್ಯೂಟರ್ ಒಳಗಿಂದಲೋ.

ಇನ್ನರ್ಧ ಗೊಂದಲ ಹುಟ್ಟುವುದು ಈ ಸೂತ್ರ ಕೇಳದೇ ಬಿಟ್ಟ ಪ್ರಶ್ನೆಗಳಿಂದ. ಆ ಕಂಪ್ಯೂಟರನ್ನು ಎಷ್ಟು ಜನ ನೆಚ್ಚಿಕೊಂಡಿದ್ದಾರೆ? ಬಿದ್ದ ಮೇಲೆ ಎದ್ದೇಳಲು ಎಷ್ಟು ಹೊತ್ತು ಬೇಕು? ಮೂಲ ಅಂಕದಲ್ಲಿ ಇವಕ್ಕೆ ಜಾಗವೇ ಇಲ್ಲ. ಹಾಗಂತ ಪದ್ಧತಿ ಮಾಡಿದವರು ಇದನ್ನು ಮರೆತಿಲ್ಲ. ಅಂಕವನ್ನು ತಮ್ಮ ಪರಿಸ್ಥಿತಿಗೆ ಹೊಂದಿಸಿಕೊಳ್ಳಲು ಸಂಸ್ಥೆಗಳಿಗೆ ಬೇರೆ ಕಾಲಂಗಳನ್ನು ಕೊಟ್ಟಿದ್ದಾರೆ. 'ಈ ಯಂತ್ರ ಸದಾ ಚಾಲೂ ಇರುವುದು ನಮಗೆ ತುಂಬಾ ಮುಖ್ಯ' ಅಂತ ಒಂದೇ ಒಂದು ಕಾಲಂ ತುಂಬಿದರೂ ಅದೇ ಕನ್ಸೋಲ್ ಡ್ರೈವರ್ ದೋಷ 5.5ರಿಂದ 7.3ಕ್ಕೆ ಏರುತ್ತದೆ. ಮಧ್ಯಮ ಇದ್ದದ್ದು ಹೆಚ್ಚು ಅಪಾಯದ ಗುಂಪಿಗೆ ಸೇರುತ್ತದೆ. ದೋಷ ಅದೇ, ಡ್ರೈವರ್ ಅದೇ. ಸಣ್ಣ ಆಫೀಸುಗಳಲ್ಲಿ ಈ ಕಾಲಂ ತುಂಬಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಅಂಥದ್ದೊಂದು ಇದೆ ಅಂತ ಗೊತ್ತಿರುವವರೂ ಕಡಿಮೆ. ಹಾಗಾಗಿ ಕಂಪನಿ ಪ್ರಕಟಿಸಿದ ಮೂಲ ಅಂಕವೇ ಕೊನೆಯ ಮಾತಾಗಿಬಿಡುತ್ತದೆ.

2024: ಎಂಟು ತಿಂಗಳ ಜಟಾಪಟಿ

ಈ ಜಗಳ ಬೀದಿಗೆ ಬಂದದ್ದು ಸಿಎಲ್‌ಎಫ್‌ಎಸ್ ಎಂಬ ಇನ್ನೊಂದು ವಿಂಡೋಸ್ ಡ್ರೈವರಿನ ವಿಷಯದಲ್ಲಿ. ಬೇರೆ ಬೇರೆ ಪ್ರೋಗ್ರಾಂಗಳು ತಾವು ಮಾಡಿದ ಕೆಲಸದ ದಾಖಲೆಯನ್ನು ಲಾಗ್ ಫೈಲುಗಳಲ್ಲಿ ಇಡುತ್ತವೆ. ಅದನ್ನು ನೋಡಿಕೊಳ್ಳುವುದು ಈ ಡ್ರೈವರ್. ಫೋರ್ಟ್ರಾ ಎಂಬ ಭದ್ರತಾ ಕಂಪನಿ 2023ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿಗೆ ಒಂದು ವರದಿ ಕಳಿಸಿತು. ಲಾಗ್ ಫೈಲಿನ ಒಳಗಿನ ಕೆಲವು ಮೌಲ್ಯಗಳನ್ನು ತಿದ್ದಿ ಡ್ರೈವರಿಗೆ ಕೊಟ್ಟರೆ ಅದು ಸರಿಯಾಗಿ ಪರೀಕ್ಷಿಸುವುದಿಲ್ಲ, ಕರ್ನಲ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಇದಕ್ಕೆ ಅಡ್ಮಿನ್ ಅಧಿಕಾರವೂ ಬೇಡ ಎಂಬುದು ವರದಿಯ ಸಾರ. ವಿಂಡೋಸ್ 10, ವಿಂಡೋಸ್ 11, ಜೊತೆಗೆ ಸರ್ವರ್ 2016, 2019, 2022 ಎಲ್ಲದರಲ್ಲೂ ಈ ದೋಷ ಇತ್ತು.

ನಮ್ಮಲ್ಲಿ ಹಾಗೆ ಆಗುತ್ತಿಲ್ಲ ಅಂತ ಮೈಕ್ರೋಸಾಫ್ಟ್ ಉತ್ತರಿಸಿತು. ಫೋರ್ಟ್ರಾ ಹೊಸ ಅಪ್‌ಡೇಟ್ ಹಾಕಿಯೂ ಬೀಳಿಸಿ ತೋರಿಸಿತು, ಮೆಮೊರಿ ಡಂಪ್ (ಬಿದ್ದ ಕ್ಷಣದ ಮೆಮೊರಿಯ ನಕಲು) ಕಳಿಸಿತು. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಆ ಪ್ರಕರಣವನ್ನು ಮುಚ್ಚಿತು. ಅದಾದ ಮೇಲೂ ಫೋರ್ಟ್ರಾ ಮತ್ತೆ ಪ್ರಯೋಗ ಮಾಡಿ ವಿಡಿಯೋ ಸಮೇತ ಸಾಕ್ಷ್ಯ ಕೊಟ್ಟಿತು. ಕೊನೆಗೆ 2024ರ ಆಗಸ್ಟಿನಲ್ಲಿ ಸಿವಿಇ-2024-6768 ಎಂಬ ಸಂಖ್ಯೆಯೊಂದಿಗೆ, 6.8 ಅಂಕದೊಂದಿಗೆ, ಎಲ್ಲವನ್ನೂ ಸಾರ್ವಜನಿಕವಾಗಿ ಪ್ರಕಟಿಸಿತು. ಆಗ ಮೈಕ್ರೋಸಾಫ್ಟ್ ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಕೂಡಲೇ ಸರಿಪಡಿಸಬೇಕಾದ ಮಟ್ಟವನ್ನು ಇದು ಮುಟ್ಟುವುದಿಲ್ಲ, ಮುಂದಿನ ಅಪ್‌ಡೇಟ್‌ಗಳಲ್ಲಿ ಪರಿಗಣಿಸುತ್ತೇವೆ, ಇದನ್ನು ಬಳಸಲು ದಾಳಿಕೋರ ಮೊದಲೇ ಆ ಯಂತ್ರದಲ್ಲಿ ಕೋಡ್ ಓಡಿಸುವ ಹಂತಕ್ಕೆ ಬಂದಿರಬೇಕು, ಇದರಿಂದ ಅವನಿಗೆ ಹೆಚ್ಚಿನ ಅಧಿಕಾರವೇನೂ ಸಿಗುವುದಿಲ್ಲ.

ಕಂಪನಿಯ ಮಾತಿನಲ್ಲಿ ಹುರುಳಿದೆ

ಮೈಕ್ರೋಸಾಫ್ಟ್ ಪರವಾಗಿ ಹೇಳಬೇಕಾದದ್ದನ್ನು ಹೇಳಿಯೇ ಮುಂದೆ ಹೋಗೋಣ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೋಡ್ ಓಡಿಸಲು ಒಬ್ಬನಿಗೆ ಆಗಲೇ ಸಾಧ್ಯವಾಗಿದೆ ಅಂದರೆ ನಿಮ್ಮ ಫೈಲುಗಳನ್ನು ಅವನು ಓದಬಹುದು, ಕದಿಯಬಹುದು, ಅಳಿಸಬಹುದು. ಅಷ್ಟೆಲ್ಲ ಮಾಡಬಲ್ಲವನು ನೀಲಿ ಪರದೆ ತೋರಿಸಿ ತನ್ನ ಇರುವಿಕೆಯನ್ನು ತಾನೇ ಯಾಕೆ ಸಾರಿಕೊಳ್ಳುತ್ತಾನೆ?

ಪ್ಯಾಚ್ ಮಾಡುವುದಕ್ಕೂ ಬೆಲೆ ಇದೆ. ಕರ್ನಲ್ ಡ್ರೈವರಿಗೆ ಆತುರದಲ್ಲಿ ತೇಪೆ ಹಾಕಿದರೆ ಅದರಿಂದಲೇ ಕೋಟ್ಯಂತರ ಯಂತ್ರ ಬೀಳುವ ಅಪಾಯ ಇರುತ್ತದೆ. ಪ್ರತಿ ತಿಂಗಳೂ ನೂರರ ಆಸುಪಾಸಿನಲ್ಲಿ ದೋಷ ಸರಿಪಡಿಸುವ ಕಂಪನಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲು ಮಾಡಲೇಬೇಕು. ಆ ಸಾಲಿನಲ್ಲಿ, ದೂರದಿಂದ ಬಂದು ಕಂಪ್ಯೂಟರನ್ನೇ ವಶಕ್ಕೆ ತೆಗೆದುಕೊಳ್ಳುವ ದೋಷದ ಹಿಂದೆ ಇಂಥದ್ದು ನಿಲ್ಲುವುದು ನ್ಯಾಯವೇ.

ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿನ ಮಟ್ಟಿಗೆ ಈ ವಾದ ಪೂರ್ತಿ ಸರಿ. ಅಂಥವರು ಇಂಥ ಸುದ್ದಿ ನೋಡಿ ರಾತ್ರಿಯೇ ಗಾಬರಿಯಾಗಬೇಕಾಗಿಲ್ಲ. ಅಪ್‌ಡೇಟ್ ಬಂದಾಗ ಹಾಕಿಕೊಂಡರೆ ಸಾಕು.

ಹಂಚಿಕೊಂಡ ಸರ್ವರಿನಲ್ಲಿ ಅದೇ ವಾದ ನಿಲ್ಲುವುದಿಲ್ಲ

ಈಗ ಬೆಂಗಳೂರಿನ ಒಂದು ಸಾಮಾನ್ಯ ಲೆಕ್ಕಪತ್ರದ ಆಫೀಸನ್ನು ಕಲ್ಪಿಸಿಕೊಳ್ಳಿ. ಒಂದು ವಿಂಡೋಸ್ ಸರ್ವರ್, ಅದರಲ್ಲಿ ಟ್ಯಾಲಿ. ಇಪ್ಪತ್ತು ಜನ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಕೆಲವರು ಜಯನಗರದ ಆಫೀಸಿನಿಂದ, ಕೆಲವರು ಮನೆಯಿಂದ, ಒಬ್ಬರು ತುಮಕೂರಿನಿಂದ. ಜಿಎಸ್‌ಟಿ ರಿಟರ್ನ್ ತುಂಬಲು ಕೊನೆಯ ದಿನ, ಅಂದರೆ ತಿಂಗಳ 20.

ಇಲ್ಲಿ 'ದಾಳಿಕೋರ ಮೊದಲೇ ಒಳಗಿರಬೇಕು' ಎಂಬ ಮಾತಿಗೆ ಏನು ಅರ್ಥ? ಇಪ್ಪತ್ತು ಜನರೂ ಒಳಗೇ ಇದ್ದಾರೆ, ಅದು ಅವರ ಕೆಲಸ. ಅವರಲ್ಲಿ ಒಬ್ಬರ ಪಾಸ್‌ವರ್ಡ್ ಕಳುವಾದರೆ, ಅಥವಾ ಕೆಲಸ ಬಿಟ್ಟು ಹೋದವರ ಲಾಗಿನ್ ಮುಚ್ಚುವುದನ್ನು ಮರೆತಿದ್ದರೆ, ಒಂದು ತಿದ್ದಿದ ಲಾಗ್ ಫೈಲಿನಿಂದ ಇಪ್ಪತ್ತೂ ಜನರ ಕೆಲಸ ನಿಲ್ಲುತ್ತದೆ. ಆ ಲಾಗಿನ್‌ಗೆ ಬೇರೆಯವರ ಫೈಲು ಮುಟ್ಟುವ ಅಧಿಕಾರ ಇರದಿರಬಹುದು. ಬೇರೆಯವರ ಕೆಲಸ ಕೆಡಿಸುವ ಶಕ್ತಿ ಮಾತ್ರ ಇರುತ್ತದೆ. ಒಬ್ಬ ಬಳಕೆದಾರನಿಂದ ಇನ್ನೊಬ್ಬನಿಗೆ ತೊಂದರೆ ಆಗದಂತೆ ಗೋಡೆ ಕಟ್ಟುವುದೇ ಆಪರೇಟಿಂಗ್ ಸಿಸ್ಟಮ್ಮಿನ ಮೊದಲ ಕೆಲಸ. ಆ ಗೋಡೆ ಬಿದ್ದರೂ 'ಮಾಹಿತಿ ಸೋರಿಲ್ಲವಲ್ಲ' ಅನ್ನುವುದು ನನಗೆ ಒಪ್ಪಿಗೆಯಾಗುವ ಉತ್ತರವಲ್ಲ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್, ವರ್ಚುವಲ್ ಡೆಸ್ಕ್‌ಟಾಪ್ ಕೊಡುವ ಬಿಪಿಓ ಕಂಪನಿಗಳಿಗೂ ಇದೇ ಮಾತು.

ಒಳಗೆ ಬಂದವನು ಬೇಕೆಂದೇ ಯಾಕೆ ಬೀಳಿಸುತ್ತಾನೆ ಎಂಬ ಪ್ರಶ್ನೆಗೂ ಚರಿತ್ರೆಯಲ್ಲಿ ಉತ್ತರ ಇದೆ. 2018ರ ಮೇ ತಿಂಗಳಲ್ಲಿ ದಕ್ಷಿಣ ಅಮೆರಿಕದ ಬ್ಯಾಂಕೋ ಡಿ ಚಿಲಿ ಬ್ಯಾಂಕಿನ ಸುಮಾರು 9,000 ಕಂಪ್ಯೂಟರ್ ಮತ್ತು 500 ಸರ್ವರುಗಳು ಬಿದ್ದವು. ಸಿಬ್ಬಂದಿ ಎಲ್ಲ ಅದನ್ನು ಎಬ್ಬಿಸುವುದರಲ್ಲಿ ಮುಳುಗಿದ್ದಾಗ ಬ್ಯಾಂಕುಗಳು ದೇಶದಿಂದ ದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ ಸುಮಾರು 1 ಕೋಟಿ ಡಾಲರ್ ಹೊರಗೆ ಹೋಯಿತು. ಅಲ್ಲಿ ಬಳಸಿದ್ದು ಡಿಸ್ಕ್ ಅಳಿಸುವ ತಂತ್ರಾಂಶ, ಡ್ರೈವರ್ ದೋಷವಲ್ಲ. ಆದರೆ ಗಮನ ಬೇರೆ ಕಡೆ ಸೆಳೆಯಲು, ಸುಳಿವು ಅಳಿಸಲು ಯಂತ್ರಗಳನ್ನು ಬೀಳಿಸುವುದು ಕಳ್ಳರಿಗೆ ಲಾಭದ ಕೆಲಸ ಎಂದು ಆ ಘಟನೆ ತೋರಿಸಿತು. ಅಡ್ಮಿನ್ ಅಧಿಕಾರವೇ ಇಲ್ಲದೆ ಅದನ್ನು ಮಾಡಬಹುದಾದರೆ ಅವರಿಗೆ ಇನ್ನೂ ಸುಲಭ.

'ಬರೀ ಕ್ರ್ಯಾಶ್' ಅಂತ ಹೆಸರಿಟ್ಟದ್ದು ಕೊನೆಗೂ ಹಾಗೇ ಉಳಿಯುತ್ತದೆ ಅನ್ನುವ ಭರವಸೆಯೂ ಇಲ್ಲ. ಮೆಮೊರಿಯಲ್ಲಿ ತಪ್ಪು ಜಾಗಕ್ಕೆ ಬರೆಯುವ ದೋಷ ಮೊದಲು ಕಾಣುವುದು ಕ್ರ್ಯಾಶ್ ಆಗಿ. ಎಲ್ಲಿ, ಏನು ಬರೆಯಬೇಕು ಅಂತ ನಿಯಂತ್ರಿಸಲು ಯಾರಾದರೂ ಕಲಿತರೆ ಅದೇ ದೋಷ ಯಂತ್ರವನ್ನು ವಶಪಡಿಸಿಕೊಳ್ಳುವ ದಾರಿಯಾಗುತ್ತದೆ. 2025ರ ಜೂನಿನಲ್ಲಿ ಆಫೀಸುಗಳ ನೆಟ್‌ವರ್ಕ್ ಬಾಗಿಲಲ್ಲಿ ಕೂರುವ, ಸಿಟ್ರಿಕ್ಸ್ ಕಂಪನಿಯ ನೆಟ್‌ಸ್ಕೇಲರ್ ಸಾಧನದ ಸಿವಿಇ-2025-6543 ದೋಷದ ವಿವರಣೆಯಲ್ಲಿ ಡಿನಯಲ್ ಆಫ್ ಸರ್ವಿಸ್ ಅಂತಲೇ ಎದ್ದು ಕಾಣುತ್ತಿತ್ತು. ಅದನ್ನು ಬಳಸಿ ಮೇ ತಿಂಗಳಿನಿಂದಲೇ ತಮ್ಮ ದೇಶದ ಪ್ರಮುಖ ಸಂಸ್ಥೆಗಳ ಒಳಗೆ ನುಗ್ಗಿದ್ದರು ಅಂತ ನೆದರ್ಲೆಂಡ್ಸಿನ ಸೈಬರ್ ಭದ್ರತಾ ಕೇಂದ್ರ ಆಗಸ್ಟಿನಲ್ಲಿ ತಿಳಿಸಿತು. ಎಲ್ಲ ಕ್ರ್ಯಾಶ್ ದೋಷವೂ ಹೀಗೆ ಬೆಳೆಯುವುದಿಲ್ಲ. ಸಿವಿಇ-2024-6768 ಹಾಗೆ ಬೆಳೆಯಿತು ಎಂದೂ ನಾನು ಹೇಳುತ್ತಿಲ್ಲ. ಆದರೆ ಆ ಸಿಎಲ್‌ಎಫ್‌ಎಸ್ ಡ್ರೈವರಿನ ಜಾತಕ ಅಷ್ಟು ಚೆನ್ನಾಗಿಲ್ಲ. 2024ಕ್ಕೆ ಹಿಂದಿನ ಐದು ವರ್ಷದಲ್ಲಿ ಅದರಲ್ಲಿ 20ಕ್ಕೂ ಹೆಚ್ಚು ಭದ್ರತಾ ದೋಷ ಸಿಕ್ಕಿದ್ದವು. 2025ರ ಏಪ್ರಿಲಿನಲ್ಲಿ ಅದೇ ಡ್ರೈವರಿನ ಇನ್ನೊಂದು ದೋಷವನ್ನು, ಸಿವಿಇ-2025-29824, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಗುಂಪು ಬಳಸುತ್ತಿದೆ ಅಂತ ಮೈಕ್ರೋಸಾಫ್ಟೇ ಹೇಳಿತು. ಇಂಥ ಡ್ರೈವರಿನಲ್ಲಿ ಪರೀಕ್ಷೆಯಿಲ್ಲದೆ ಒಳಗೆ ಹೋಗುವ ಮೌಲ್ಯ ಇದೆ ಅಂತ ಯಾರಾದರೂ ಬಂದು ತೋರಿಸಿದರೆ, ಅಂಕ ಎಷ್ಟೇ ಇರಲಿ, ಅದನ್ನು ಸಾಲಿನಲ್ಲಿ ಮುಂದೆ ತರಬೇಕಿತ್ತು.

ಬೀಳಲು ಕ್ಷಣ, ಏಳಲು ದಿನಗಟ್ಟಲೆ

ಎದ್ದೇಳುವ ಹೊತ್ತು ಯಾಕೆ ಇಷ್ಟು ಮುಖ್ಯ ಅನ್ನುವುದನ್ನು 2024ರ ಜುಲೈ 19ರ ಶುಕ್ರವಾರ ಇಡೀ ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ವಿಂಡೋಸಿನ ಕರ್ನಲ್ಲಿನಲ್ಲಿ ಓಡುವ ಡ್ರೈವರ್ ಇದೆ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39ಕ್ಕೆ ಅದಕ್ಕೊಂದು ಹೊಸ ಫೈಲ್ ಬಂತು. 21 ಮೌಲ್ಯ ಸಿಗುತ್ತದೆ ಅಂತ ಕಾಯುತ್ತಿದ್ದ ಕಡೆ 20 ಮಾತ್ರ ಇದ್ದವು. ಡ್ರೈವರ್ ಇಲ್ಲದ 21ನೆಯದನ್ನು ಓದಲು ಹೋಗಿ ಕರ್ನಲ್ ಬಿತ್ತು. ಅದು ಯಾರೂ ಮಾಡಿದ ದಾಳಿಯಲ್ಲ. ಆದರೆ ಕೆಡುಕಿನ ಬಗೆ ಕನ್ಸೋಲ್ ಡ್ರೈವರಿನದ್ದೇ, ಒಳಗೆ ಬಂದದ್ದನ್ನು ಪರೀಕ್ಷಿಸದೆ ನಂಬಿದ್ದು.

78 ನಿಮಿಷದಲ್ಲಿ ಕಂಪನಿ ಆ ಫೈಲನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಎಲ್ಲ ವಿಂಡೋಸ್ ಯಂತ್ರಗಳಲ್ಲಿ ಶೇಕಡ 1ಕ್ಕಿಂತ ಕಡಿಮೆ ಅದು. ಆದರೂ ವಿಮಾನ, ಆಸ್ಪತ್ರೆ, ಬ್ಯಾಂಕ್ ಎಲ್ಲೆಡೆ ಅಸ್ತವ್ಯಸ್ತ. ಭಾರತದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು, ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲು ಬೆಳೆಯಿತು. ಅದೇ ಬೆಳಗಿನ ಜಾವ ಮೈಕ್ರೋಸಾಫ್ಟಿನ ಅಝೂರ್ ಕ್ಲೌಡ್‌ಗೆ ಬೇರೆಯೇ ಒಂದು ತೊಂದರೆ ಆಗಿತ್ತು. ಹಾಗಾಗಿ ಯಾವುದರಿಂದ ಯಾವುದು ನಿಂತಿತು ಅನ್ನುವುದು ಅವತ್ತಿನ ಸುದ್ದಿಗಳಲ್ಲಿ ಬೆರೆತು ಹೋಯಿತು.

ಫೈಲ್ ಹಿಂದೆ ತೆಗೆದುಕೊಂಡರೂ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ತಾವಾಗಿ ಏಳಲಿಲ್ಲ. ಯಾಕೆಂದರೆ ಪ್ರತಿ ಸಲ ಶುರುವಾಗುವಾಗಲೂ ಡ್ರೈವರ್ ಅದೇ ಫೈಲನ್ನು ಓದಿ ಬೀಳುತ್ತಿತ್ತು. ಇಂಟರ್ನೆಟ್ ಸಿಗುವ ತನಕವೂ ಯಂತ್ರ ಬದುಕುತ್ತಿರಲಿಲ್ಲ. ಒಬ್ಬರು ಹೋಗಿ ಪ್ರತಿಯೊಂದನ್ನೂ ಸೇಫ್ ಮೋಡಿನಲ್ಲಿ ತೆರೆದು ಆ ಫೈಲನ್ನು ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮೊದಲು 48 ಅಂಕಿಯ ರಿಕವರಿ ಕೀ ಹುಡುಕಬೇಕು. ಆ ಕೀಗಳನ್ನು ಇಟ್ಟಿದ್ದ ಸರ್ವರೂ ಬಿದ್ದಿದ್ದರೆ ಮೊದಲು ಅದನ್ನು ಎಬ್ಬಿಸಬೇಕು.

ಬೇರೆಯವರು ಹಿಡಿದ ದಾರಿ

ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ತಂಡದವರ ನಿಲುವು ಮೈಕ್ರೋಸಾಫ್ಟಿಗೆ ಪೂರ್ತಿ ಉಲ್ಟಾ. ಕರ್ನಲ್ಲಿನಲ್ಲಿ ಯಾವ ತಪ್ಪು ಭದ್ರತಾ ದೋಷ, ಯಾವುದು ಅಲ್ಲ ಅಂತ ಮೊದಲೇ ಹೇಳಲು ಆಗುವುದಿಲ್ಲ ಎಂಬುದು ಅವರ ವಾದ. 2024ರ ಫೆಬ್ರವರಿಯಲ್ಲಿ ಸಿವಿಇ ಸಂಖ್ಯೆ ಕೊಡುವ ಅಧಿಕಾರ ಅವರಿಗೇ ಸಿಕ್ಕಿತು. ಆಮೇಲೆ ಸ್ವಲ್ಪ ಅನುಮಾನ ಇರುವ ತಿದ್ದುಪಡಿಗಳಿಗೂ ಸಂಖ್ಯೆ ಕೊಡತೊಡಗಿದರು, ವರ್ಷಕ್ಕೆ ಸಾವಿರಗಟ್ಟಲೆ. ಮುಚ್ಚಿಡುವುದು ಏನೂ ಇಲ್ಲ ಅನ್ನುವುದು ಒಳ್ಳೆಯದೇ. ಆದರೆ ಅಡ್ಮಿನ್‌ಗಳಿಗೆ ಇದರಿಂದ ಬೇರೆ ಕಷ್ಟ: ಅಷ್ಟೊಂದು ಸಂಖ್ಯೆಯಲ್ಲಿ ತಮ್ಮ ಸರ್ವರಿಗೆ ಬೇಕಾದದ್ದನ್ನು ಆರಿಸುವುದು ಹೇಗೆ?

ಆಪಲ್ ಇನ್ನೊಂದು ದಾರಿ ಹಿಡಿಯಿತು. 2019ರಿಂದ ಹೊರಗಿನ ಕಂಪನಿಗಳ ಡ್ರೈವರುಗಳನ್ನು ಸಾಧ್ಯವಾದಷ್ಟು ಕರ್ನಲ್ಲಿನಿಂದ ಹೊರಗೆ ತರುತ್ತಿದೆ. ಹೊರಗಿದ್ದರೆ ಡ್ರೈವರ್ ಬಿದ್ದರೂ ಆ ಒಂದು ಸಾಧನ ಮಾತ್ರ ನಿಲ್ಲುತ್ತದೆ, ಇಡೀ ಯಂತ್ರ ಅಲ್ಲ. ಜುಲೈ 19ರ ನಂತರ ಮೈಕ್ರೋಸಾಫ್ಟ್ ಕೂಡ ಆ ಕಡೆ ಹೆಜ್ಜೆ ಇಟ್ಟಿದೆ. ಭದ್ರತಾ ತಂತ್ರಾಂಶಗಳನ್ನು ಕರ್ನಲ್ಲಿನ ಹೊರಗೆ ಓಡಿಸುವ ವ್ಯವಸ್ಥೆ, ಬೂಟ್ ಆಗದ ಯಂತ್ರವನ್ನು ದೂರದಿಂದಲೇ ಎಬ್ಬಿಸುವ ಸೌಲಭ್ಯ, ಇವನ್ನೆಲ್ಲ 2024ರ ನವೆಂಬರಿನಲ್ಲಿ ಘೋಷಿಸಿತು. ದಿಕ್ಕು ಸರಿಯಾಗಿದೆ. ಆದರೆ ಸಿಎಲ್‌ಎಫ್‌ಎಸ್ ಮತ್ತು ಕನ್ಸೋಲ್ ಡ್ರೈವರುಗಳು ಹೊರಗಿನವರದ್ದಲ್ಲ, ವಿಂಡೋಸಿನ ಸ್ವಂತದ್ದು. ಬೇರೆಯವರನ್ನು ಹೊರಗೆ ಕಳಿಸುವುದರಿಂದ ಅವು ಗಟ್ಟಿಯಾಗುವುದಿಲ್ಲ.

ಇಲ್ಲಿಂದ ಮುಂದೆ

ನಮ್ಮ ಆಫೀಸುಗಳಿಗೆ ಹತ್ತಿರದ ತೊಂದರೆ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ವಿಸ್ತರಣೆಯ ಯೋಜನೆಗೆ ಸೇರದ ಯಂತ್ರಗಳಿಗೆ ಭದ್ರತಾ ಪ್ಯಾಚ್ ಬರುವುದಿಲ್ಲ. ಹಳೆಯ ಪ್ರೊಸೆಸರಿನಿಂದಾಗಿ ವಿಂಡೋಸ್ 11ಕ್ಕೆ ಹೋಗಲಾಗದ ಬಿಲ್ಲಿಂಗ್ ಕಂಪ್ಯೂಟರ್, ಕ್ಲಿನಿಕ್‌ನ ರಿಸೆಪ್ಶನ್ ಕಂಪ್ಯೂಟರ್ ಇನ್ನೂ ಓಡುತ್ತಿವೆ. ಅಂಥವುಗಳಲ್ಲಿ ಡ್ರೈವರ್ ದೋಷ ಸಿಕ್ಕರೆ ಅದು ಹಾಗೇ ಉಳಿಯುತ್ತದೆ.

ಹಂಚಿಕೊಂಡ ಸರ್ವರ್ ಇರುವವರಿಗೆ ದುಬಾರಿಯಲ್ಲದ ಕೆಲಸಗಳು ಕೆಲವಿವೆ. ಬಿಟ್ಟು ಹೋದವರ ಲಾಗಿನ್ ಅವತ್ತೇ ಮುಚ್ಚುವುದು. ಸರ್ವರಿನಲ್ಲಿ ತಮಗೆ ಬೇಕಾದ ಪ್ರೋಗ್ರಾಂ ಬಿಟ್ಟು ಬೇರೇನೂ ಓಡಿಸಲು ಆಗದಂತೆ ಬಳಕೆದಾರರಿಗೆ ಮಿತಿ ಹಾಕುವುದು. ಒಳಗಿನಿಂದ ಬೀಳಿಸುವ ದೋಷಗಳಿಗೆ ಇದಕ್ಕಿಂತ ಒಳ್ಳೆಯ ತಡೆ ಇಲ್ಲ, ಕೋಡೇ ಓಡದಿದ್ದರೆ ಡ್ರೈವರಿನ ತನಕ ಹೋಗುವುದು ಹೇಗೆ? ಬಿಟ್‌ಲಾಕರ್ ಕೀಗಳನ್ನು ಅದೇ ಸರ್ವರಿನಲ್ಲಿ ಅಲ್ಲದೆ ಬೇರೆ ಕಡೆಯೂ ಇಡುವುದು. ಪ್ಯಾಚ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡುವುದು, ಯಾಕೆಂದರೆ ಡ್ರೈವರಿನ ಪ್ಯಾಚ್ ಸಾಮಾನ್ಯವಾಗಿ ರೀಸ್ಟಾರ್ಟ್ ಆಗುವ ತನಕ ಜಾರಿಗೆ ಬರುವುದಿಲ್ಲ.

ಕಾನೂನಿನ ಕಡೆಯಿಂದಲೂ ಒಂದು ವಿಷಯ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಅಧಿಕಾರ ಇರುವವರಿಗೆ ಕಂಪ್ಯೂಟರ್ ಸಿಗದಂತೆ ಮಾಡುವುದೂ ತಪ್ಪೇ. ಮೋಸದಿಂದ ಬೇಕೆಂದೇ ಮಾಡಿದರೆ 66ನೇ ಸೆಕ್ಷನ್ ಅಡಿಯಲ್ಲಿ 3 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ಮಾಹಿತಿ ಕದ್ದಿಲ್ಲ ಅನ್ನುವುದು ಅಲ್ಲಿ ಸಮಜಾಯಿಷಿ ಆಗುವುದಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ, ಡಿನಯಲ್ ಆಫ್ ಸರ್ವಿಸ್ ದಾಳಿ ಗಮನಕ್ಕೆ ಬಂದ 6 ಗಂಟೆಯ ಒಳಗೆ ಸಂಸ್ಥೆಗಳು ವರದಿ ಮಾಡಬೇಕು.

ಆದರೆ ಬ್ಲೂ ಸ್ಕ್ರೀನ್ ಬಂದಾಗ ಅದು ದಾಳಿ ಅಂತ ಗಮನಕ್ಕೆ ಬರುವುದು ಹೇಗೆ? ಹೆಚ್ಚಿನ ಕಡೆ ಸುಮ್ನೆ ರೀಸ್ಟಾರ್ಟ್ ಮಾಡಿ ಕೆಲಸಕ್ಕೆ ಕೂರುತ್ತಾರೆ. ಬೀಳುವ ಕ್ಷಣದಲ್ಲಿ ಯಾವ ಡ್ರೈವರ್ ಏನು ಮಾಡುತ್ತಿತ್ತು ಅನ್ನುವುದನ್ನು ವಿಂಡೋಸ್ ಒಂದು ಡಂಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಸೆಟ್ಟಿಂಗ್ ಆಫ್ ಆಗಿದ್ದರೆ, ಅಥವಾ ಜಾಗ ಸಾಲದೆ ಯಾರಾದರೂ ಆ ಫೈಲನ್ನು ಅಳಿಸಿದ್ದರೆ, ಕೆಟ್ಟದ್ದು ರ‍್ಯಾಮೋ, ಡ್ರೈವರಿನ ತಪ್ಪೋ, ಯಾರೋ ಬೇಕೆಂದೇ ಮಾಡಿದ್ದೋ ಅಂತ ಹೇಳಲು ಆಧಾರವೇ ಇರುವುದಿಲ್ಲ. ನಿಮ್ಮ ಸರ್ವರ್ ನೋಡಿಕೊಳ್ಳುವವರ ಹತ್ತಿರ ಈ ವಾರ ಎರಡೇ ಪ್ರಶ್ನೆ ಕೇಳಿ: ನಮ್ಮಲ್ಲಿ ಡಂಪ್ ಫೈಲ್ ಉಳಿಯುತ್ತಿದೆಯಾ, ಹೋದ ಸಲ ಸರ್ವರ್ ಬಿದ್ದಾಗಿನದ್ದನ್ನು ಯಾರಾದರೂ ತೆರೆದು ನೋಡಿದ್ದಾರಾ?